ಗೋಧಿ ಹುಗ್ಗಿ ಬಿಟ್ಟ ಮೇಲೆ ನೋಡಿದ ಊಟದ ಚಿತ್ರಗಳು

ನಮ್ಮ ಹರಿಹರ ತಾಲ್ಲೂಕಿನಲ್ಲಿ ಗೋಧಿ ಹುಗ್ಗಿ ಬೇಡ ಅಂದರೆ ಅದು ಬರೀ ಹುಗ್ಗಿ ಬೇಡ ಅಂದಂತೆ ಆಗುವುದಿಲ್ಲ. ಬಡಿಸುವವರ ಕೈ ಬೇಡ, ಆ ಮನೆಯವರ ಸಂತೋಷ ಬೇಡ ಅಂದಂತೆ ಆಗುತ್ತದೆ. ಮದುವೆ, ಜಾತ್ರೆ, ಮಠದ ದಾಸೋಹ, ಗೃಹಪ್ರವೇಶ, ಕೊನೆಗೆ ತಿಥಿ ಊಟದಲ್ಲೂ ಹುಗ್ಗಿಯ ಬಕೆಟ್ ಬರುತ್ತದೆ. ಬಿಸಿ ಹುಗ್ಗಿ, ಮೇಲೆ ತುಪ್ಪ, ಬೇಕಾದವರಿಗೆ ಹಾಲು. ಇದನ್ನು ಬೇಡ ಅನ್ನುವವರು ನಮ್ಮ ಕಡೆ ಎರಡೇ ಥರ: ಸಕ್ಕರೆ ಕಾಯಿಲೆಯವರು, ಇಲ್ಲವೇ ಸಿಟ್ಟು ಮಾಡಿಕೊಂಡ ನೆಂಟರು. ನಾವು ಎರಡರಲ್ಲೂ ಇಲ್ಲ. ನಮಗಿರುವುದು ಸೀಲಿಯಾಕ್ ಅನ್ನುವ ಕಾಯಿಲೆ. ಗೋಧಿ ಹೊಟ್ಟೆಗೆ ಹೋದರೆ ನಮ್ಮ ಮೈಯೇ ನಮ್ಮ ಕರುಳಿನ ಮೇಲೆ ಜಗಳಕ್ಕೆ ಬೀಳುತ್ತದೆ.

ನಮ್ಮೂರು ಕಡರನಾಯಕನಹಳ್ಳಿ. ಕೆಲಸ, ಪತ್ರಿಕೆಗೆ ಸುದ್ದಿ ಕಳಿಸುವುದು. ಡಿಪ್ಲೊಮಾ ಮುಗಿಸಿದ ಮೇಲೆ ಬೈಕ್ ಹತ್ತಿದವರು ಇನ್ನೂ ಇಳಿದಿಲ್ಲ. ಹರಿಹರ, ಮಲೇಬೆನ್ನೂರು, ದಾವಣಗೆರೆ, ಮತ್ತೆ ಊರು. ಈ ಕೆಲಸದಲ್ಲಿ ಸಂಬಳ ಕಡಿಮೆ, ತಿಂಡಿ ಜಾಸ್ತಿ. ಬೆಳಿಗ್ಗೆ ಕಾರ್ಯಕ್ರಮ ಇದ್ದರೆ ಉಪ್ಪಿಟ್ಟು, ಕೇಸರಿಬಾತ್. ಸಂಜೆ ಇದ್ದರೆ ಟೀ, ಬಿಸ್ಕತ್ತು. ಉಪ್ಪಿಟ್ಟಿನ ರವೆ ಗೋಧಿಯದು, ಕೇಸರಿಬಾತಿನ ರವೆಯೂ ಗೋಧಿಯದೇ, ಬಿಸ್ಕತ್ತು ಮೈದಾದ್ದು, ಮೈದಾ ಅಂದರೂ ಗೋಧಿಯೇ. ನಾವು ಟೀ ಮಾತ್ರ ಕುಡಿದು ಏಳುತ್ತೇವೆ. ‘ಪತ್ರಿಕೆಯವರಿಗೆ ನಮ್ಮ ತಿಂಡಿ ಸೇರಲ್ಲ ಬಿಡ್ರಿ’ ಅಂತ ಹಿಂದಿನಿಂದ ಮಾತು ಕೇಳಿಸುತ್ತದೆ.

ಕಾಯಿಲೆ ಗೊತ್ತಾಗುವ ಮೊದಲು ಮೂರು ವರ್ಷ ‘ಗ್ಯಾಸ್ಟ್ರಿಕ್’ ಅಂತ ಮಾತ್ರೆ ನುಂಗಿದೆವು. ಉಂಡ ಮೇಲೆ ಹೊಟ್ಟೆ ಡೊಳ್ಳಿನಂತೆ ಉಬ್ಬುತ್ತಿತ್ತು. ವಾರಗಟ್ಟಲೆ ಭೇದಿ. ತೂಕ ಇಳಿಯಿತು, ರಕ್ತ ಕಡಿಮೆಯಾಯಿತು, ಕಬ್ಬಿಣದ ಮಾತ್ರೆ ತಿಂದರೂ ಏರಲಿಲ್ಲ. ಊರಲ್ಲಿ ಒಬ್ಬರು ದೃಷ್ಟಿ ಅಂದರು, ಒಬ್ಬರು ಹೋಟೆಲ್ ಊಟ ಅಂದರು, ಇನ್ನೊಬ್ಬರು ‘ರಾತ್ರಿ ಏನಾದ್ರೂ ತಗೋತೀಯೇನಪ್ಪಾ’ ಅಂತ ಮೆಲ್ಲಗೆ ಕೇಳಿದರು. ಕೊನೆಗೆ ದಾವಣಗೆರೆಯ ವೈದ್ಯರೊಬ್ಬರು, ‘ತಿಂದ ಕಬ್ಬಿಣ ಎಲ್ಲಿ ಹೋಗ್ತಿದೆ ನೋಡೋಣ’ ಅಂತ ಬೇರೆಯದೇ ಒಂದು ರಕ್ತ ಪರೀಕ್ಷೆ ಬರೆದರು. ಆಮೇಲೆ ಬಾಯಿಂದ ಟ್ಯೂಬ್ ಇಳಿಸುವ ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಅವರು ವಿವರಿಸಿದ್ದನ್ನು ನಮ್ಮ ಗದ್ದೆಯ ಭಾಷೆಯಲ್ಲಿ ಹೇಳುತ್ತೇವೆ. ಸಣ್ಣ ಕರುಳಿನ ಒಳಮೈ ನಾಟಿ ಮಾಡಿದ ಗದ್ದೆ ಇದ್ದಂತೆ. ಪೈರಿನ ಥರ ಸಣ್ಣ ಸಣ್ಣ ಎಳೆಗಳು ನಿಂತಿರುತ್ತವೆ. ಊಟದ ಸತ್ವ ಎಳೆದುಕೊಳ್ಳುವುದು ಅವೇ. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಅನ್ನುವ ಪ್ರೊಟೀನ್ ಇದೆ. ಸೀಲಿಯಾಕ್ ಇರುವವರ ಹೊಟ್ಟೆಗೆ ಅದು ಹೋದಾಗ ದೇಹ ತನ್ನ ಕರುಳನ್ನೇ ಶತ್ರು ಅಂದುಕೊಂಡು ಹೊಡೆಯುತ್ತದೆ. ಗಾಳಿ ಮಳೆಗೆ ಮಲಗಿದ ಭತ್ತದಂತೆ ಆ ಎಳೆಗಳು ಮಲಗಿಬಿಡುತ್ತವೆ. ಆಮೇಲೆ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಜಗತ್ತಿನಲ್ಲಿ ಸುಮಾರು 100 ಜನರಲ್ಲಿ ಒಬ್ಬರಿಗೆ ಇದು ಇದೆ ಅನ್ನುವ ಅಂದಾಜಿದೆ. ನಮ್ಮ ದೇಶದಲ್ಲಿ ಗೋಧಿ ಹೆಚ್ಚು ಉಣ್ಣುವ ಉತ್ತರದ ರಾಜ್ಯಗಳಲ್ಲಿ ಇದು ಹೆಚ್ಚು ಕಾಣುತ್ತದೆ. ಇದನ್ನು ವಾಸಿ ಮಾಡುವ ಮಾತ್ರೆ ಇಲ್ಲ. ಗೋಧಿ ಬಿಡಬೇಕು, ಜೀವನಪೂರ್ತಿ ಬಿಡಬೇಕು. ಬಿಟ್ಟರೆ ಮಲಗಿದ ಪೈರು ನಿಧಾನಕ್ಕೆ ಏಳುತ್ತದೆ. ನಮ್ಮದೂ ಎದ್ದಿದೆ.

ಹೊಟ್ಟೆ ಸರಿಹೋಯಿತು, ಕಣ್ಣಿನದು ಉಳಿಯಿತು. ಎಲ್ಲರೂ ಉಣ್ಣುವಾಗ ಉಣ್ಣದೆ ಕೂತವರ ಕಣ್ಣು ಎಲ್ಲಿ ನೋಡಬೇಕು? ಬೇರೆಯವರ ಎಲೆ ನೋಡಿದರೆ ಆಸೆಬುರುಕರು ಅಂತಾರೆ, ಮುಖ ತಿರುಗಿಸಿದರೆ ಅಹಂಕಾರ ಅಂತಾರೆ. ಹಾಗಾಗಿ ಮೊಬೈಲ್ ನೋಡುತ್ತಿದ್ದೆವು. ಆ ದಿನಗಳಲ್ಲೇ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯಕ್ಕೆ ಒಂದು ಪ್ರದರ್ಶನದ ಸುದ್ದಿಗೆ ಹೋಗಿದ್ದೆವು. 1964ರಿಂದ ನಡೆಯುತ್ತಿರುವ ಕಾಲೇಜು ಅದು. ಗೋಡೆ ತುಂಬ ಮಡಕೆ, ಬಾಳೆಹಣ್ಣು, ಈರುಳ್ಳಿ, ಹಿತ್ತಾಳೆ ಚೊಂಬು. ಚಿತ್ರ ಕಲಿಯುವವರು ಮೊದಲು ಇವನ್ನೇ ಬರೆಯುತ್ತಾರಂತೆ. ‘ಬರೆದಾದ ಮೇಲೆ ಹಣ್ಣು ಏನ್ಮಾಡ್ತೀರಿ?’ ಅಂತ ಕೇಳಿದೆವು. ‘ತಿಂತೀವಿ ಸರ್’ ಅಂದ ಒಬ್ಬ ಹುಡುಗ. ಊಟದ ಚಿತ್ರಗಳು ಅಂದರೆ ಇಷ್ಟೇನಾ ಅಂದಿದ್ದಕ್ಕೆ ಆತ ಎರಡು ಹೆಸರು ಬರೆದುಕೊಟ್ಟ. ಮದುವೆ ಮನೆಗಳಲ್ಲಿ ಮೊಬೈಲ್ ಹಿಡಿದು ಕೂತಾಗ ನಾವು ನೋಡಿದ್ದು ಆ ಚಿತ್ರಗಳನ್ನೇ.

ಮೊದಲನೆಯದು ಪೀಟರ್ ಬ್ರೂಗೆಲ್ ಎಂಬಾತ 1567ರ ಸುಮಾರಿಗೆ ಬರೆದ ಹಳ್ಳಿ ಮದುವೆಯ ಚಿತ್ರ. ಈಗ ಆಸ್ಟ್ರಿಯಾದ ವಿಯೆನ್ನಾ ನಗರದ ಮ್ಯೂಸಿಯಂನಲ್ಲಿದೆ. ನೀವೂ ಮೊಬೈಲಿನಲ್ಲಿ ಹುಡುಕಿ, ಬೆರಳಿಂದ ದೊಡ್ಡದು ಮಾಡಿ ನೋಡಿ. ಸುಗ್ಗಿ ಮುಗಿದ ಕಣಜದ ಮನೆ. ಹಿಂದೆ ಗೋಡೆಯೆತ್ತರ ಹುಲ್ಲು. ಉದ್ದ ಮೇಜಿನ ಎರಡೂ ಕಡೆ ಜನ. ಪಾತ್ರೆ ಹೊರುವ ದೊಡ್ಡ ತಟ್ಟೆ ಇಲ್ಲದ್ದಕ್ಕೆ ಒಂದು ಬಾಗಿಲನ್ನೇ ಕಿತ್ತು, ಅದರ ಮೇಲೆ ಅಂಬಲಿಯಂಥದ್ದರ ಬಟ್ಟಲು ಜೋಡಿಸಿ ಇಬ್ಬರು ಹೊತ್ತು ತರುತ್ತಿದ್ದಾರೆ. ಮುಂದೆ ನೆಲದ ಮೇಲೆ ಒಂದು ಮಗು, ಟೋಪಿಯಲ್ಲಿ ನವಿಲುಗರಿ, ಬಟ್ಟಲು ಬಳಿದು ಬೆರಳು ಚೀಪುತ್ತಿದೆ. ಹೆಸರು ಬದಲಾಯಿಸಿದರೆ ನಮ್ಮ ತಾಲ್ಲೂಕಿನ ಮದುವೆಯೇ.

ಅದರಲ್ಲಿ ಇಬ್ಬರು ವಾದ್ಯದವರಿದ್ದಾರೆ. ಒಬ್ಬನ ಕೈಯಲ್ಲಿ ಚೀಲದಂಥ ಊದುವ ವಾದ್ಯ. ಆತ ಊದುವುದನ್ನು ಮರೆತು ಹೊತ್ತು ತರುತ್ತಿರುವ ಊಟವನ್ನೇ ನೋಡುತ್ತಿದ್ದಾನೆ. ನಮಗೆ ಆ ಮನುಷ್ಯ ಬಹಳ ಹತ್ತಿರದವನು ಅನ್ನಿಸಿದ. ಕೆಲಸಕ್ಕೆ ಅಂತ ಮದುವೆಗೆ ಬಂದವರ ಕಣ್ಣು ಅದು. ನಮ್ಮ ಓಲಗದವರು, ಫೋಟೊದವರು, ಶಾಮಿಯಾನದ ಹುಡುಗರು, ನಾವು ಸುದ್ದಿಯವರು, ಎಲ್ಲರ ಕಣ್ಣೂ ಅದರಲ್ಲಿದೆ. ನಾನೂರೈವತ್ತು ವರ್ಷದ ಹಿಂದೆ ಒಬ್ಬ ಚಿತ್ರಗಾರ, ಉಣ್ಣುವವರ ನಡುವೆ ಉಣ್ಣದೆ ನಿಂತವನನ್ನು ಗಮನಿಸಿದ್ದ. ಹಸಿದವನನ್ನು ನಗೆಪಾಟಲು ಮಾಡದೆ, ಅವನಿಗೂ ಚಿತ್ರದ ನಡುವೆಯೇ ಜಾಗ ಕೊಟ್ಟಿದ್ದಾನೆ.

ಎರಡನೆಯ ಚಿತ್ರ ವಿನ್ಸೆಂಟ್ ವ್ಯಾನ್ ಗೋ 1885ರಲ್ಲಿ ಬರೆದದ್ದು, ‘ಆಲೂಗಡ್ಡೆ ತಿನ್ನುವವರು’. ಆಗ ಅವನಿಗೆ 32 ವರ್ಷ, ಹೆಚ್ಚುಕಡಿಮೆ ನಮ್ಮ ವಯಸ್ಸು. ನೆದರ್‌ಲ್ಯಾಂಡ್ಸ್ ದೇಶದ ನ್ಯೂನೆನ್ ಎಂಬ ಹಳ್ಳಿಯ ರೈತ ಕುಟುಂಬ. ಒಂದೇ ದೀಪ, ಐದು ಜನ, ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆಯ ಒಂದು ತಟ್ಟೆ. ಒಬ್ಬಾಕೆ ಕಾಫಿ ಸುರಿಯುತ್ತಿದ್ದಾಳೆ. ಕೈಗಳು ಗಂಟುಗಂಟು. ನೆಲ ಅಗೆದ ಕೈಗಳೇ ತಟ್ಟೆಗೆ ಬಂದಿವೆ, ಅದನ್ನೇ ತೋರಿಸಬೇಕಿತ್ತು ಅನ್ನುವ ಅರ್ಥದಲ್ಲಿ ಅವನು ತಮ್ಮನಿಗೆ ಕಾಗದ ಬರೆದಿದ್ದ. ಚಂದದ ಮುಖಗಳಲ್ಲ ಅವು, ದುಡಿದ ಮುಖಗಳು.

ನಮ್ಮ ಕಾಯಿಲೆಯ ಮೂಲ ಗೊತ್ತಾಗಿದ್ದೂ ಅದೇ ದೇಶದಲ್ಲಿ. ವಿಲ್ಲೆಮ್ ಡಿಕ್ ಎಂಬ ಮಕ್ಕಳ ವೈದ್ಯರು ಅಲ್ಲಿದ್ದರು. ಬ್ರೆಡ್ ತಿಂದಾಗ ಈ ಕಾಯಿಲೆಯ ಮಕ್ಕಳಿಗೆ ಹೆಚ್ಚಾಗುತ್ತದೆ ಅನ್ನುವ ಅನುಮಾನ ಅವರಿಗೆ ಮೊದಲೇ ಇತ್ತು. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಭಾರಿ ಬರಗಾಲ ಬಿತ್ತು. ಬ್ರೆಡ್ ಸಿಗದೆ ಜನ ಟುಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದರು. ಊರಿಗೆ ಊರೇ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ ಮತ್ತೆ ಬಂದಾಗ ಅದೇ ಮಕ್ಕಳು ಮತ್ತೆ ಮಲಗಿದರು. ಡಿಕ್ ಇದನ್ನೆಲ್ಲ ಪರೀಕ್ಷೆ ಮಾಡಿ 1950ರಲ್ಲಿ ಪ್ರಬಂಧ ಬರೆದರು. ಊರಿಗೆ ಅಮೃತ ಆದದ್ದು ಒಂದು ಮಗುವಿಗೆ ವಿಷ ಆಗಬಹುದು ಅಂತ ಅವತ್ತು ಜಗತ್ತಿಗೆ ಸಾಬೀತಾಯಿತು. ಇದನ್ನು ಓದಿದ ಮೇಲೆ ನಾವು ಆ ಆಲೂಗಡ್ಡೆ ತಟ್ಟೆಯನ್ನು ಮತ್ತೆ ನೋಡಿದೆವು. ಆ ಐವರ ಜೊತೆ ಆರನೆಯವರಾಗಿ ನಾವು ಕೂತಿದ್ದರೂ ನಮಗೇನೂ ಆಗುತ್ತಿರಲಿಲ್ಲ!

ಈ ಚಿತ್ರವನ್ನು ಒಂದು ರಾತ್ರಿ ಅವ್ವನಿಗೆ ತೋರಿಸಿದೆವು. ಅವ್ವನ ದುಃಖ ಬೇರೆ ಇತ್ತು. ಹುಗ್ಗಿ ಅವ್ವನ ಕೈಯಡುಗೆಯಲ್ಲಿ ಹೆಸರಾದದ್ದು. ವೈದ್ಯರ ಚೀಟಿ ಬಂದ ಮೇಲೆ ‘ನನ್ ಕೈಯಾಗೆ ವಿಷ ಐತೇನೋ’ ಅಂತ ಒಂದು ಮಾತು ಆಡಿದ್ದು ಬಿಟ್ಟರೆ, ಹುಗ್ಗಿಯ ಹೆಸರನ್ನೇ ಮನೆಯಲ್ಲಿ ಎತ್ತಿರಲಿಲ್ಲ. ನಮಗೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ತಟ್ಟೆ ಇಟ್ಟರು. ಅದು ಬೇಕೇಬೇಕಿತ್ತು. ಚಪಾತಿ ಹಿಟ್ಟು ಮೆತ್ತಿದ ಕೈ ನಮ್ಮ ಅನ್ನಕ್ಕೆ ತಾಗಿದರೂ ಸಾಕು, ನಮ್ಮ ಎರಡು ದಿನ ಹಾಳು. ಆದರೆ ಬೇರೆ ತಟ್ಟೆ ಅಂದರೆ ನಮ್ಮ ಹಳ್ಳಿಗಳಲ್ಲಿ ಅದಕ್ಕೊಂದು ಹಳೇ ಅರ್ಥ ಇದೆ. ಯಾರನ್ನು ಹೊರಗೆ ಕೂರಿಸುತ್ತಿದ್ದರು, ಯಾರಿಗೆ ಬೇರೆ ಲೋಟ ಇಡುತ್ತಿದ್ದರು ಅಂತ ನಿಮಗೂ ಗೊತ್ತು. ಹಾಗೆ ಹೊರಗೆ ಕೂರಿಸಿಕೊಂಡವರ ನೋವಿನ ಮುಂದೆ ನಮ್ಮದು ಏನೂ ಅಲ್ಲ. ಆದರೂ ಸ್ವಂತ ಮನೆಯ ಮೂಲೆಯಲ್ಲಿ ಗುರುತು ಮಾಡಿಟ್ಟ ತಟ್ಟೆ ನೋಡಿದಾಗ ಗಂಟಲು ಕಟ್ಟುತ್ತಿತ್ತು.

ಅವ್ವ ಕನ್ನಡಕ ಏರಿಸಿ ಬಹಳ ಹೊತ್ತು ಮೊಬೈಲ್ ನೋಡಿದರು. ‘ಎಣ್ಣೆ ದೀಪ... ನಮ್ ತವರುಮನ್ಯಾಗೂ ಹಿಂಗೇ ಇತ್ತು’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಒಂದೇ ತಟ್ಟೆಗೆ ಎಲ್ರೂ ಕೈ ಹಾಕ್ಯಾರಲ್ಲೋ’ ಅಂದರು. ಅಷ್ಟೇ. ಚಿತ್ರ ಯಾರದ್ದು, ಯಾವ ದೇಶದ್ದು ಅಂತ ಕೇಳಲಿಲ್ಲ.

ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆ ಬುಟ್ಟಿಗಳ ಮೇಲೆ ಚಿತ್ತಾರ ಬರೆಯುತ್ತಾರೆ. ಭೂಮಣ್ಣಿ ಬುಟ್ಟಿ ಅನ್ನುತ್ತಾರೆ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ನೆನೆಸಿ ಅರೆದ ಬಿಳಿಯಿಂದ, ಪುಂಡಿ ನಾರಿನ ಕುಂಚದಲ್ಲಿ ಎಳೆ ಎಳೆದು ಚಿತ್ರ. ಅದರಲ್ಲಿ ಅಡುಗೆ ತುಂಬಿಕೊಂಡು ಗದ್ದೆಗೆ ಹೋಗುತ್ತಾರೆ. ಭತ್ತ ಹೊಡೆ ತುಂಬಿ ನಿಂತ ಕಾಲ ಅದು. ಭೂಮಿ ಬಸುರಿ, ಅವಳಿಗೆ ಬಯಕೆ ಊಟ ಅಂತ ಗದ್ದೆಗೆ ಬೀರುತ್ತಾರೆ. ಸೀಗೆ ಹುಣ್ಣಿಮೆ ಅಂತ ಅದೇ ದಿನ ನಮ್ಮ ಕಡೆಯೂ ಹೊಲಕ್ಕೆ ಚರಗ ಚೆಲ್ಲುವುದುಂಟು. ಆ ಬುಟ್ಟಿಗಳ ಫೋಟೊ ನೋಡುವಾಗ ನಮಗೆ ಹೊಳೆದದ್ದು ಇದು: ಬಯಕೆ ಊಟ ಮಾಡುವಾಗ ಬಡಿಸುವವರ ಆಸೆ ನೋಡಿ ಅಡುಗೆ ಮಾಡುವುದಿಲ್ಲ, ಉಣ್ಣುವವಳ ಹೊಟ್ಟೆ ನೋಡಿ ಮಾಡುತ್ತಾರೆ. ಬಸುರಿಗೆ ಆಗದ್ದನ್ನು ಯಾರೂ ‘ಒಂಚೂರು ತಿನ್ನು, ಏನೂ ಆಗಲ್ಲ’ ಅನ್ನುವುದಿಲ್ಲ. ಅಂದರೆ ಹೊಟ್ಟೆ ನೋಡಿ ಬಡಿಸುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಅದನ್ನು ಪಂಕ್ತಿಗೆ ತರುವುದಷ್ಟೇ ಬಾಕಿ.

ಅದನ್ನು ತಂದವರು ಅವ್ವ. ತಂಗಿಯ ಮಗನ ಜವಳ ಇತ್ತು. ಅರವತ್ತು ಎಪ್ಪತ್ತು ಜನದ ಊಟ. ಅಡುಗೆಯವರು ಗೋಧಿ ಎಷ್ಟು ಸೇರು ಅಂತ ಕೇಳಿದಾಗ ಅವ್ವ ‘ನವಣೆ ಹುಗ್ಗಿ ಮಾಡ್ರಿ’ ಅಂದರು. ‘ಎಲ್ರಿಗೂನಾ?’ ‘ಎಲ್ರಿಗೂ.’ ನವಣೆ, ಬೆಲ್ಲ, ಕೊಬ್ಬರಿ, ಏಲಕ್ಕಿ. ಚಪಾತಿ ಬದಲು ಜೋಳದ ರೊಟ್ಟಿ. ಒಬ್ಬರು ‘ಇದೇನ್ರಿ, ಬಡವರ ಹುಗ್ಗಿ’ ಅಂದರು. ಇನ್ನೊಬ್ಬ ಅಜ್ಜ ‘ನಮ್ ಕಾಲದ್ದು ಇದೇ ಆಗಿತ್ತು’ ಅಂತ ಎರಡು ಸಲ ಹಾಕಿಸಿಕೊಂಡರು. ನಾವು ಎಲ್ಲರ ಸಾಲಲ್ಲಿ ಕೂತೆವು. ಎಲ್ಲರಿಗೂ ಬಂದ ಬಕೆಟ್ಟು ನಮಗೂ ಬಂತು. ಅದೇ ಸೌಟು. ಪೂರ್ತಿ ಎರಡು ವರ್ಷದ ಮೇಲೆ ನಾವು ಏನನ್ನೂ ವಿವರಿಸದೆ ಉಂಡೆವು. ಅವ್ವ ಕಂಬದ ಹತ್ತಿರ ನಿಂತು ನಮ್ಮ ಎಲೆಯನ್ನೇ ನೋಡುತ್ತಿದ್ದರು. ನಾವು ತಲೆ ಎತ್ತಲಿಲ್ಲ, ಕಣ್ಣು ತುಂಬಿತ್ತು.

ಎಲ್ಲ ಕಡೆ ಹೀಗೆ ನಡೆಯುವುದಿಲ್ಲ. ಹಾಗಾಗಿ ಕೇಳುವುದನ್ನು ಕಲಿತೆವು. ಅದಕ್ಕೂ ಒಂದು ಚಿತ್ರವೇ ಧೈರ್ಯ ಕೊಟ್ಟಿತು. ಅದು ನಿಮ್ಮ ಅಡುಗೆಮನೆಯಲ್ಲೂ ಇರಬಹುದು: ಅನ್ನಪೂರ್ಣೇಶ್ವರಿಯ ಕ್ಯಾಲೆಂಡರ್. ದೇವಿಯ ಕೈಯಲ್ಲಿ ಪಾತ್ರೆ, ಸೌಟು. ಎದುರಿಗೆ ಬಟ್ಟಲು ಹಿಡಿದ ಶಿವ. ಅನ್ನವೂ ಮಾಯೆ ಅಂದ ಶಿವನೇ ಕೊನೆಗೆ ಕಾಶಿಯಲ್ಲಿ ಅನ್ನಕ್ಕೆ ಕೈಚಾಚಿದ ಅನ್ನುವ ಕತೆ ಅದರದ್ದು. ಅಂಥವನೇ ಕೇಳಿ ಉಂಡಿದ್ದಾನೆ. ನಾವು ಹೋಟೆಲಿನಲ್ಲಿ ‘ದೋಸೆ ಹಿಟ್ಟಿಗೆ ಮೈದಾ ಹಾಕ್ತೀರೇನ್ರಿ?’ ಅಂತ ಕೇಳಲು ನಾಚಿಕೆ ಯಾಕೆ? ನಮ್ಮ ದಾವಣಗೆರೆ ಬೆಣ್ಣೆ ದೋಸೆ ಅಕ್ಕಿ, ಉದ್ದು, ಮಂಡಕ್ಕಿಯ ಹಿಟ್ಟಿನದು. ಕೆಲವು ಕಡೆ ಗರಿಗರಿ ಆಗಲಿ ಅಂತ ಮೈದಾ ಸೇರಿಸುತ್ತಾರೆ. ಕೇಳಿದರೆ ಹೇಳುತ್ತಾರೆ. ಮಂಡಕ್ಕಿ ಅಕ್ಕಿಯದು, ಅವಲಕ್ಕಿ ಅಕ್ಕಿಯದು, ರಾಗಿ, ಜೋಳ, ಸಜ್ಜೆ, ನವಣೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿ ಹಾಕಿದರೆ ಮಾತ್ರ ಅಪಾಯ. ನಾವು ಮನೆಯಲ್ಲೇ ಸಣ್ಣ ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳುತ್ತೇವೆ. ಇಂಗಿನ ಡಬ್ಬಿಯ ಹಿಂದೆ ಓದಿ ನೋಡಿ, ಹೆಚ್ಚಿನವಕ್ಕೆ ಗೋಧಿ ಹಿಟ್ಟೋ ಮೈದಾವೋ ಸೇರಿರುತ್ತದೆ. ಅನ್ನ, ಸಾರು ಮಾತ್ರ ಉಂಡೂ ಹೊಟ್ಟೆ ಕೆಡುತ್ತಿದ್ದುದು ಯಾಕೆ ಅಂತ ಆ ಡಬ್ಬಿ ಓದಿದ ಮೇಲೆ ಗೊತ್ತಾಯಿತು. ಪೊಟ್ಟಣದ ಮೇಲೆ ‘ಗ್ಲುಟೆನ್ ಫ್ರೀ’ ಅಂತ ಬರೆಯಬೇಕಾದರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಅನ್ನುವುದು ನಮ್ಮ ದೇಶದ ನಿಯಮ.

ಚಿತ್ರಗಳ ಹುಡುಕಾಟದಲ್ಲಿ ಸಿಕ್ಕ ಇನ್ನೊಬ್ಬ ಹೊಟ್ಟೆ ನೋವಿನವರು ಫ್ರಾನ್ಸಿನ ಹೆನ್ರಿ ಮ್ಯಾಟಿಸ್. ಹುಟ್ಟಿದ್ದು 1869ರಲ್ಲಿ. ವಕೀಲರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಇಪ್ಪತ್ತರ ವಯಸ್ಸಿಗೆ ಅಪೆಂಡಿಕ್ಸ್ ಆಗಿ ಹಾಸಿಗೆ ಹಿಡಿದರು. ಮಗನಿಗೆ ಬೇಸರ ಕಳೆಯಲಿ ಅಂತ ತಾಯಿ ಒಂದು ಬಣ್ಣದ ಪೆಟ್ಟಿಗೆ ತಂದುಕೊಟ್ಟರು. ಗುಮಾಸ್ತಿಕೆ ಅಲ್ಲಿಗೆ ಮುಗಿಯಿತು. 1908ರಲ್ಲಿ ಅವರು ಬರೆದ ಕೆಂಪು ಕೋಣೆಯ ಚಿತ್ರವಿದೆ. ಗೋಡೆಯೂ ಕೆಂಪು, ಮೇಜಿನ ಬಟ್ಟೆಯೂ ಕೆಂಪು, ಮೇಜಿನ ಮೇಲೆ ಹಣ್ಣು. ಒಬ್ಬಾಕೆ ಬಾಗಿ ಹಣ್ಣಿನ ತಟ್ಟೆ ಜೋಡಿಸುತ್ತಿದ್ದಾಳೆ, ಉಣ್ಣುವವರು ಇನ್ನೂ ಬಂದಿಲ್ಲ. 1941ರಲ್ಲಿ ಅವರಿಗೆ ಕರುಳಿನ ಕ್ಯಾನ್ಸರ್‌ಗೆ ದೊಡ್ಡ ಆಪರೇಷನ್ ಆಯಿತು. ಆಮೇಲೆ ಹೆಚ್ಚು ಹೊತ್ತು ನಿಂತು ಬರೆಯಲು ಆಗಲಿಲ್ಲ. ಹಾಸಿಗೆಯಲ್ಲೂ ಗಾಲಿ ಕುರ್ಚಿಯಲ್ಲೂ ಕೂತು ಬಣ್ಣ ಬಳಿದ ಕಾಗದ ಕತ್ತರಿಸಿ ಚಿತ್ರ ಮಾಡಿದರು. 1954ರಲ್ಲಿ ತೀರಿಕೊಳ್ಳುವವರೆಗೂ ಕತ್ತರಿ ಬಿಡಲಿಲ್ಲ. ಕಾಯಿಲೆ ಒಳ್ಳೆಯದು ಅಂತ ನಾವು ಹೇಳುತ್ತಿಲ್ಲ, ಯಾರಿಗೂ ಬೇಡ ಅದು. ಹೊಟ್ಟೆ ಕೈಕೊಟ್ಟರೂ ಕೈ, ಕಣ್ಣು ಕೆಲಸ ಮಾಡುತ್ತವೆ ಅಂತ ಅವರ ಬಾಳು ನೋಡಿ ನಂಬಿದೆವು.

ಕೊನೆಗೆ ಒಂದು ಉಪಯೋಗದ ಮಾತು. ನಿಮ್ಮ ಮನೆಯಲ್ಲಿ ಮಗು ವಯಸ್ಸಿಗೆ ತಕ್ಕ ಹಾಗೆ ಬೆಳೆಯದಿದ್ದರೆ, ಯಾರಿಗಾದರೂ ಭೇದಿ ತಿಂಗಳುಗಟ್ಟಲೆ ನಿಲ್ಲದಿದ್ದರೆ, ಮಾತ್ರೆ ತಿಂದರೂ ರಕ್ತ ಏರದಿದ್ದರೆ, ವೈದ್ಯರ ಹತ್ತಿರ ಸೀಲಿಯಾಕ್ ಪರೀಕ್ಷೆಯ ವಿಷಯ ಕೇಳಿ. ಈ ಲಕ್ಷಣಗಳಿಗೆ ಬೇರೆ ಕಾರಣಗಳೂ ಬಹಳ ಇವೆ, ಅದನ್ನು ಅವರೇ ಹೇಳಬೇಕು. ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ರಕ್ತದಲ್ಲಿ ಕಾಣದೆ ಹೋಗಬಹುದು. ಇದು ಅಂಟುವ ಕಾಯಿಲೆ ಅಲ್ಲ. ಆದರೆ ಒಬ್ಬರಿಗಿದ್ದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಬರುವ ಸಂಭವ ಹೆಚ್ಚು. ನಮ್ಮ ತಂಗಿಯೂ ಪರೀಕ್ಷೆ ಮಾಡಿಸಿದಳು, ಅವಳಿಗಿಲ್ಲ.

ಬಡಿಸುವ ಕೈಯವರಿಗೆ ಇನ್ನೊಂದು ಮಾತು. ಪಂಕ್ತಿಯಲ್ಲಿ ಯಾರಾದರೂ ಎಲೆಗೆ ಕೈ ಅಡ್ಡ ಹಿಡಿದರೆ, ‘ಯಾಕೆ’ ಅಂತ ಕೇಳಬೇಡಿ. ‘ಮತ್ತೇನು ಹಾಕಲಿ?’ ಅಂತ ಕೇಳಿ.